ಹದಿನೇಳನೇ ನಂಬರು

ಗುತ್ತಲು ರಸ್ತೆಯ ನನ್ನ ಸೈಕಲ್ ಶಾಪಿನ ಹಿಂದೆ
ತಗಡಿನ ಶೆಡ್ಡು. ಅದೇ ನಮ್ಮ ಕ್ಲಬ್ಬಿನ ಉಗ್ರಾಣ.
ನೂರಾರು ದೇಶಗಳಲ್ಲಿ ಇದೆಯಂತೆ ನಮ್ಮ ಸಂಸ್ಥೆ;
ಮಂಡ್ಯದಲ್ಲಿ ಅದಕ್ಕೆ ಒಂದು ಬೀಗ, ಎರಡು ಕೀಲಿ.
ಒಂದು ನನ್ನ ಉಡಿದಾರದಲ್ಲಿ,
ಇನ್ನೊಂದು ಎಲ್ಲಿದೆಯೋ ಅಧ್ಯಕ್ಷರಿಗೇ ಗೊತ್ತಿಲ್ಲ.

ಒಳಗೆ ಗಾಲಿಕುರ್ಚಿ ಆರು, ಊರುಗೋಲು ಹನ್ನೊಂದು ಜೊತೆ,
ಗಾಳಿಹಾಸಿಗೆ ಎರಡು (ಒಂದಕ್ಕೆ ಪಂಕ್ಚರು ಹಾಕಿದವ ನಾನೇ,
ಸೈಕಲ್ ಟ್ಯೂಬಿನ ತೇಪೆ, ಇವತ್ತಿಗೂ ಗಾಳಿ ನಿಂತಿದೆ),
ವಾಕರು ಇಪ್ಪತ್ತು, ಕಾಲಿನ ಮೇಲೆ ಕೆಂಪು ಬಣ್ಣದ ನಂಬರು.

ಪುಸ್ತಕದಲ್ಲಿ ಬರೆಯುತ್ತೇನೆ: ಹೆಸರು, ಊರು, ಯಾವ ಕಾಲು.
ಬಾಡಿಗೆ ಇಲ್ಲ. ಠೇವಣಿ ಐನೂರು.
ಇಲ್ಲದವರಿಗೆ ಅದೂ ಇಲ್ಲ; ಇದನ್ನು ಸಭೆಗೆ ಹೇಳಿಲ್ಲ.

ವಾಪಸು ಬಂದಾಗ ನೋಡಬೇಕು.
ಗಾಲಿಕುರ್ಚಿಯ ಕೈಗೆ ಕಟ್ಟಿದ ಅರಿಶಿನದ ದಾರ,
ಸೀಟಿನ ಸಂದಿಯಲ್ಲಿ ಅಡಿಕೆಯ ಹೋಳು, ಬಸ್ಸಿನ ಟಿಕೇಟು,
ಒಂದು ಸಲ ಹಾಲುಹಲ್ಲು.
ಕೆಲವರು ತಾವೇ ತರುತ್ತಾರೆ, ನಡೆದು ಬಂದು,
ನಡೆದೆ ಅಂತ ತೋರಿಸಲಿಕ್ಕೇ.
ಕೆಲವನ್ನು ಮಕ್ಕಳು ತರುತ್ತಾರೆ, ತಲೆ ಬೋಳಿಸಿಕೊಂಡು.
ನಾನು ಕೇಳುವುದಿಲ್ಲ. ಡೆಟಾಲು ಹಾಕಿ ಒರೆಸುತ್ತೇನೆ.
‘ಮರಳಿದೆ’ ಅಂತ ಬರೆದು ತಾರೀಖು ಹಾಕುತ್ತೇನೆ.

ಮಾರ್ಚಿಯಲ್ಲಿ ಗವರ್ನರು ಬರುತ್ತಾರೆಂದು
ಕಾರ್ಯದರ್ಶಿ ಇನಾಯತ್ ಒಂದು ಫಾರಂ ತಂದ.
ಫಲಾನುಭವಿಗಳ ಸಂಖ್ಯೆ, ಅಂಕಿಯಲ್ಲಿ, ಅಕ್ಷರದಲ್ಲಿ.
ಪುಸ್ತಕ ತಿರುವಿದರೆ ಹದಿನೇಳನೇ ವಾಕರು
ಮರಿಕೊಪ್ಪಲಿನ ಜವರಯ್ಯನ ಹೆಸರಲ್ಲಿ
ಮೂರು ವರ್ಷದಿಂದ ಹಾಗೇ ನಿಂತಿದೆ.
‘ಗುಜರಿಗೆ ಹಾಕಿರ್ತಾನೆ ಬಿಡಿ, ಅಲ್ಯೂಮಿನಿಯಮ್ಮು’ ಅಂದ ಇನಾಯತ್.
ನನಗೂ ಹಾಗೇ ಅನ್ನಿಸಿತ್ತು, ಬಚ್ಚಿಡುವುದೇಕೆ.

ಭಾನುವಾರ ಲೂನಾ ಹತ್ತಿ ಹೊರಟೆ.
ಆಲೆಮನೆಯ ಹೊಗೆ. ನಾಲೆ ತುಂಬ ನೀರು.
ಎದುರಿಗೆ ಕಬ್ಬಿನ ಗಾಡಿ; ಪಕ್ಕಕ್ಕೆ ಸರಿದು ಕಾದೆ.
ಜವರಯ್ಯ ಬದುವಿನ ಮೇಲೆ ಗುದ್ದಲಿ ಹಿಡಿದು ನಿಂತಿದ್ದ.
‘ಓ, ಅದಾ? ನಂಗೆ ಎಂಟೇ ತಿಂಗ್ಳಿಗೆ ಸಾಕಾಯ್ತು ಕಣಣ್ಣ.
ಆಮ್ಯಾಕೆ ದ್ಯಾವಮ್ಮ ತಕ್ಕಂಡೋದ್ಲು. ಅವಳಟ್ಟೀಲಿ ಕೇಳು ವಸಿ.’

ದ್ಯಾವಮ್ಮನ ಸೊಸೆ ರಾಗಿ ಕೇರುತ್ತಿದ್ದಳು.
‘ಅತ್ತೆ ಓಗ್ಬುಟ್ರು, ಆಚೆ ವರ್ಸದ ಕಾರ್ತೀಕದಲ್ಲಿ.
ಅದ್ನ ಬಡಗಿ ಸಿದ್ದಾಚಾರಿಗೆ ಕೊಟ್ಟೊ, ಅಟ್ಟದಿಂದ ಬಿದ್ದಿದ್ನಲ್ಲ.’
ಸಿದ್ದಾಚಾರಿ ಅದರ ಸವೆದ ರಬ್ಬರು ಕಿತ್ತೆಸೆದು
ನಾಲ್ಕು ಕಾಲಿಗೂ ಹೊನ್ನೆಮರದ ಬಿರಡೆ ಕಡೆದು ಹಾಕಿದ್ದನಂತೆ.
ಅಲ್ಲಿಂದ ಡೈರಿಯಲ್ಲಿ ಹಾಲು ಅಳೆಯುವವನ ಅಜ್ಜಿಗೆ,
ಅಲ್ಲಿಂದ ನಾಲೆಯಾಚೆ ಕಾಲೊನಿಯ ಮಾದೇವಿಗೆ.
ಹೆರಿಗೆಯಲ್ಲಿ ಸೊಂಟ ಹಿಡಿದಿತ್ತಂತೆ.
‘ನಮ್ಮಟ್ಟಿಯಿಂದ ಆ ಕೇರಿಗೆ ಓದ ಮೊದಲ್ನೇ ಸಾಮಾನು’
ಅಂದ ಹಾಲು ಅಳೆಯುವವ,
ಮೊದಲು ನಗುತ್ತ, ಆಮೇಲೆ ನಗದೆ.

ಮಾದೇವಿಯ ಅಂಗಳದಲ್ಲಿ ಕಂಡೆ.
ಹನ್ನೊಂದು ತಿಂಗಳ ಕೂಸು ಅಡ್ಡಸರಳು ಹಿಡಿದು
ನಿಂತಿತ್ತು, ಜೋಲಿ ಹೊಡೆಯುತ್ತ.
ಮೇಲೆ ಒದ್ದೆ ಲಂಗ ಒಣಹಾಕಿತ್ತು.
ನಂಬರಿನಲ್ಲಿ ಏಳು ಅಳಿಸಿ ಒಂದು ಉಳಿದಿತ್ತು.
‘ತಕ್ಕಂಡೋಯ್ತೀರಾ?’ ಅಂದಳು. ‘ನಾಳಿದ್ದು ಮೂಲೆಮನೆ
ಚಿಕ್ಕೋಳಮ್ಮಂಗೆ ಆಪ್ರೇಸನ್ನು. ಮಾತು ಕೊಟ್ಬುಟ್ಟಿದ್ದೆ.’

ಇಲ್ಲವ್ವ, ನಂಬರು ನೋಡಕ್ಕೆ ಬಂದೆ ಅಂದೆ.
ಜೇಬಿನಲ್ಲಿ ಹೊಸ ರಬ್ಬರು ನಾಲ್ಕಿದ್ದವು, ಹಾಕಲು ಕೂತೆ.
ಹೊನ್ನೆಯ ಬಿರಡೆ ಜಗ್ಗಲಿಲ್ಲ.

ಗವರ್ನರು ಬಂದರು. ಗಂಟೆ, ಪೇಟ, ಶಾಲು, ಗಂಧದ ಹಾರ.
ಹೋದ ವಾರವೇ ಕೊಟ್ಟಿದ್ದ ಗಾಲಿಕುರ್ಚಿಯನ್ನು
ಕೂತವರ ಸಮೇತ ಕರೆಸಿ, ಫೋಟೋಕ್ಕೆ ಇನ್ನೊಮ್ಮೆ ಕೊಟ್ಟೆವು.
ಫಾರಮ್ಮಿನಲ್ಲಿ ಇನಾಯತ್ ಬರೆದದ್ದು ಇನ್ನೂರ ಹನ್ನೆರಡು.
ಜವರಯ್ಯನನ್ನು ಒಬ್ಬನೇ ಅಂತ ಎಣಿಸಿದ್ದ.
ನಾನು ತಿದ್ದಲಿಲ್ಲ.

ರಾತ್ರಿ ಶೆಡ್ಡಿನಲ್ಲಿ ಹದಿನೇಳರ ಮುಂದೆ ಪೆನ್ನು ಹಿಡಿದು ಕೂತೆ.
‘ಮರಳಿದೆ’ ಅಲ್ಲ. ‘ಕಳೆದಿದೆ’ಯೂ ಅಲ್ಲ.
ಜವರಯ್ಯನ ಹೆಸರು ಹೊಡೆದುಹಾಕಿ
ಮರಿಕೊಪ್ಪಲು ಅಂತಷ್ಟೇ ಬರೆದೆ.
ಷರಾ: ಬಿರಡೆ, ಹೊನ್ನೆ, ನಾಲ್ಕು.
ತಾರೀಖು ಹಾಕಲಿಲ್ಲ.